ಟಿಪ್ಪು ಪಡೆಯ ಹುಲಿ ಅಂಗಿಗೆ ಬಣ್ಣ ಹಚ್ಚುವಾಗ

1792ರ ಶ್ರೀರಂಗಪಟ್ಟಣ ಮುತ್ತಿಗೆಯನ್ನು ಮೇಜಿನ ಮೇಲೆ ಆಡಲು 28 ಮಿಮೀ ಬೊಂಬೆ ಸಿದ್ಧ ಮಾಡುತ್ತಿರುವ ಗೆಳೆಯರೇ, ಟಿಪ್ಪುವಿನ ಕಾಲಾಳುಗಳಿಗೆ ಹಳದಿ-ಕಪ್ಪು ಹುಲಿ ಪಟ್ಟೆ ಬಳಿಯಬೇಡಿ. ಆ ಕಾಲದ ಬ್ರಿಟಿಷರ ಬರಹದ ಪ್ರಕಾರ ಅವರ ‘ಹುಲಿ ಅಂಗಿ’ ನೇರಳೆ ಉಣ್ಣೆಯದು. ಅದರ ಮೇಲೆ ವಜ್ರಾಕಾರದ ಬಿಳಿ ಚುಕ್ಕೆ. ತಲೆಗೆ ಕೆಂಪು ಮಸ್ಲಿನ್ ಪೇಟ.

ಕಡು ನೇರಳೆ ಹಚ್ಚಿ, ಪೂರ್ತಿ ಒಣಗಲು ಬಿಡಿ. ಚುಕ್ಕೆಗೆ ಮೊದಲು ತಿಳಿ ಬೂದು ಬಣ್ಣ ಬಳಸಿ, ಹಾಲಿನಷ್ಟು ತೆಳುವಾಗಿರಲಿ. ತೀರಾ ಸಣ್ಣ ಕುಂಚ ಬೇಡ, ಅದರಲ್ಲಿ ಬಣ್ಣ ಬೇಗ ಒಣಗುತ್ತದೆ. ತುದಿ ಚೂಪಾಗಿದ್ದರೆ ಸಾಕು. ಭುಜದಿಂದ ಕೆಳಗೆ ಸಾಲಾಗಿ ಇಡುತ್ತಾ ಬನ್ನಿ. ಮೇಲಿನ ಸಾಲಿನ ಎರಡು ಚುಕ್ಕೆಗಳ ನಡುವೆ ಕೆಳಗಿನದು ಬರಲಿ. ಆಮೇಲೆ ಪ್ರತಿ ಚುಕ್ಕೆಯ ಮಧ್ಯಭಾಗಕ್ಕೆ ಅಪ್ಪಟ ಬಿಳಿ ಮುಟ್ಟಿಸಿ. ಚುಕ್ಕೆ ಜಾಸ್ತಿಯಾದರೆ ದೂರದಿಂದ ಎಲ್ಲಾ ಕಲಸಿಹೋಗುತ್ತದೆ. ಕಡಿಮೆ ಹಾಕಿ, ಸ್ವಲ್ಪ ದೊಡ್ಡದಾಗಿ ಹಾಕಿ. ಆಟದಲ್ಲಿ ನಾವು ನೋಡೋದು ಎರಡು-ಮೂರು ಅಡಿ ದೂರದಿಂದ ಅಲ್ವಾ?

ಬೇರೆ ಪಡೆಯ ಬೊಂಬೆಯನ್ನು ಬದಲಾಯಿಸುವುದಾದರೆ ಟೋಪಿ ಕತ್ತರಿಸಿ, ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಪುಟ್ಟಿಯಾದ ಗ್ರೀನ್ ಸ್ಟಫ್‌ನ ತೆಳು ಎಳೆಗಳನ್ನು ಹೊಸೆದು ಪೇಟ ಸುತ್ತಿ. ಉಪಕರಣವನ್ನು ಆಗಾಗ ನೀರಿನಲ್ಲಿ ಅದ್ದುತ್ತಿದ್ದರೆ ಅಂಟುವುದಿಲ್ಲ. ಗಟ್ಟಿಯಾಗಲು ಒಂದು ದಿನ ಕೊಡಿ. ಲೋಹದ ಬೊಂಬೆ ಉಜ್ಜುವಾಗ ಮಾಸ್ಕ್ ಹಾಕಿ, ಮುಗಿದ ಮೇಲೆ ಕೈ ತೊಳೆಯಿರಿ. ಹಳೆಯ ಲೋಹದ ಬೊಂಬೆಗಳಲ್ಲಿ ಹೆಚ್ಚಾಗಿ ಸೀಸ ಇರುತ್ತದೆ.