ಮೊಟ್ಟೆಯ ಚಿಪ್ಪಿನಲ್ಲಿ ಕಾರ್ಬೊನೇಟ್ ಇದೆಯೆಂದು ಖಚಿತಪಡಿಸಿಕೊಳ್ಳುವ ಬಗೆ

ಮೊಟ್ಟೆಯ ಚಿಪ್ಪಿಗೆ ವಿನೆಗರ್ ಹಾಕಿ, ಗುಳ್ಳೆ ಎದ್ದೊಡನೆ ಪ್ರಯೋಗ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಆಮ್ಲಕ್ಕೆ ಸತುವಿನ ಚೂರು ಹಾಕಿದರೂ ಗುಳ್ಳೆ ಏಳುತ್ತದೆ, ಆದರೆ ಆ ಅನಿಲ ಹೈಡ್ರೋಜನ್. ಕಾರ್ಬೊನೇಟಿಗೆ ಆಮ್ಲ ತಾಗಿದರೆ ಬರುವುದು ಕಾರ್ಬನ್ ಡೈಆಕ್ಸೈಡ್; ಹೊರಬಂದದ್ದು ಅದೇ ಎಂಬುದನ್ನು ಸುಣ್ಣದ ತಿಳಿನೀರಿನಿಂದ ಪರೀಕ್ಷಿಸಲೇಬೇಕು.

ತಿಳಿನೀರನ್ನು ಹಿಂದಿನ ದಿನವೇ ಸಿದ್ಧಪಡಿಸಿ. ಎಲೆ-ಅಡಿಕೆಗೆ ಬಳಸುವ ಬಿಳಿ ಸುಣ್ಣವನ್ನು ಒಂದು ಚಮಚದಷ್ಟು ಅರ್ಧ ಲೀಟರ್ ನೀರಿನಲ್ಲಿ ಕದಡಿ, ಬಾಟಲಿಯ ಮುಚ್ಚಳ ಬಿಗಿದು, ರಾತ್ರಿಯಿಡೀ ಅಲುಗಿಸದೆ ಬಿಡಿ. ಸುಣ್ಣ ಲೀಟರಿಗೆ ಸುಮಾರು 1.7 ಗ್ರಾಂ ಮಾತ್ರ ಕರಗುವುದರಿಂದ ಉಳಿದದ್ದು ತಳ ಸೇರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ತೆರೆದಿಟ್ಟರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡಿನಿಂದಲೇ ಅದರ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಸುಣ್ಣ ಕಣ್ಣಿಗೆ ಬಹಳ ಅಪಾಯಕಾರಿ, ಆದ್ದರಿಂದ ರಕ್ಷಣಾ ಕನ್ನಡಕ ಧರಿಸಿ. ಮಕ್ಕಳೊಡನೆ ದೊಡ್ಡವರು ಇರಲಿ.

ಚಿಪ್ಪನ್ನು ತೊಳೆದು, ಒಳಪೊರೆಯನ್ನು ಸುಲಿದು, ಒಣಗಿಸಿ ನುಣ್ಣಗೆ ಪುಡಿಮಾಡಿ. ಆಮ್ಲ ತಾಗುವ ಮೇಲ್ಮೈ ಹೆಚ್ಚಿದಷ್ಟೂ ಕ್ರಿಯೆ ವೇಗವಾಗಿ ನಡೆಯುತ್ತದೆ. ಸಣ್ಣ ಬಾಟಲಿಯ ಮುಚ್ಚಳಕ್ಕೆ ರಂಧ್ರ ಕೊರೆದು, ಪ್ಲಾಸ್ಟಿಕ್ ಕೊಳವೆ ತೂರಿಸಿ, ಸಂದಿಗೆ ಮೇಣ ಮೆತ್ತಿ. ಕೊಳವೆಯ ಇನ್ನೊಂದು ತುದಿ ಲೋಟದಲ್ಲಿರುವ ತಿಳಿನೀರಿನೊಳಗೆ ಮುಳುಗಿರಬೇಕು. ಬಾಟಲಿಗೆ ಅರ್ಧದಷ್ಟು ವಿನೆಗರ್ ಸುರಿದು, ಪುಡಿ ಹಾಕಿ, ತಕ್ಷಣ ಮುಚ್ಚಿ; ನೊರೆ ಉಕ್ಕಿ ಆಮ್ಲ ಲೋಟ ಸೇರಿದರೆ ಪರೀಕ್ಷೆ ಕೆಡುತ್ತದೆ. ಅನಿಲ ಹೊರಹೋಗಲು ಕೊಳವೆ ಇಲ್ಲದೆ ಬಾಟಲಿಯನ್ನು ಎಂದಿಗೂ ಬಿಗಿಯಬೇಡಿ, ಒತ್ತಡದಿಂದ ಅದು ಸಿಡಿಯಬಹುದು.

ಮೊದಲು ಬರುವುದು ಬಾಟಲಿಯೊಳಗಿದ್ದ ಗಾಳಿ. ಆಮೇಲೆ ಕೊಳವೆಯ ತುದಿಯ ಸುತ್ತ ಹಾಲಿನಂಥ ಮಬ್ಬು ಕಾಣಿಸಿಕೊಂಡು ನೀರಿಗೆಲ್ಲ ಹರಡುತ್ತದೆ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದೊಡನೆ ವರ್ತಿಸಿ ಕ್ಯಾಲ್ಸಿಯಂ ಅಸಿಟೇಟ್, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿದೆ. ಆ ಅನಿಲ ಸುಣ್ಣದೊಡನೆ ಸೇರಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟನ್ನೇ ಮತ್ತೆ ಉಂಟುಮಾಡಿದೆ. ಅನಿಲ ಇನ್ನೂ ಹರಿಯುತ್ತಿದ್ದರೆ ಮಬ್ಬು ಕರಗಿ ನೀರು ತಿಳಿಯಾಗಬಹುದು, ಏಕೆಂದರೆ ಆಗ ಉಂಟಾಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಕರಗುತ್ತದೆ. ಇದನ್ನು ಕಂಡು ಪರೀಕ್ಷೆ ವಿಫಲವಾಯಿತೆಂದು ಎಣಿಸಬೇಡಿ.

ಗುಳ್ಳೆ ನಿಂತ ಮೇಲೂ ತಳದಲ್ಲಿ ಪುಡಿ ಉಳಿದಿದ್ದರೆ ಸ್ವಲ್ಪ ಹೊಸ ವಿನೆಗರ್ ಹಾಕಿ ನೋಡಿ. ಮತ್ತೆ ಗುಳ್ಳೆ ಎದ್ದರೆ ಮುಗಿದಿದ್ದದ್ದು ಆಮ್ಲ, ಕಾರ್ಬೊನೇಟ್ ಅಲ್ಲ. 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿಯಾಗಿ ವರ್ತಿಸಲು 6 ಗ್ರಾಂ ಅಸಿಟಿಕ್ ಆಮ್ಲ, ಅಂದರೆ ಶೇಕಡಾ 4ರ ವಿನೆಗರ್ ಸುಮಾರು 150 ಮಿಲಿಲೀಟರ್ ಬೇಕಾಗುತ್ತದೆ.