ಹೊಸ ಕೆಲಸಕ್ಕೆ ಸೇರಿದ್ದೀರಾ? ಪಕ್ಕದ ಟೇಬಲಿನವರಿಂದ ಕಲಿಯೋದು ಹೀಗೆ

ಮಂಗಳೂರು ಬಂದರ್ ಕಡೆ ಒಂದು ಹೋಲ್‌ಸೇಲ್ ಆಫೀಸಲ್ಲಿ ಬಿಲ್ಲಿಂಗಿಗೆ ಸೇರಿದಾಗ ನಂಗೆ ಟ್ರೈನಿಂಗ್ ಅಂತ ಎಂತದೂ ಇರ್ಲಿಲ್ಲ, ಕುರ್ಚಿ ತೋರ್ಸಿ ಕೂತ್ಕೊಳ್ಳಿ ಅಂದ್ರು ಅಷ್ಟೆ. ಹೆಚ್ಚಿನ ಕಡೆ ಹೀಗೇ, ಹಾಗಾಗಿ ಹೊಸಬರಿಗೆ ಇದನ್ನು ಹೇಳ್ಲೇಬೇಕು ಅನ್ನಿಸ್ತು.

ಮೊದಲ ವಾರ ಕೆಲಸ ಗೊತ್ತಿರುವವರ ಪಕ್ಕ ಕೂತು ಅವ್ರ ಕೈ ನೋಡಿ. ಬಾಯಲ್ಲಿ ಹೇಳೋದು ಅರ್ಧ ಮಾತ್ರ. ನಮ್ಮಲ್ಲಿ ಒಬ್ರು ಅಕ್ಕ ಇ-ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರ್ಬೇಕಾದ ಆನ್‌ಲೈನ್ ಜಿಎಸ್‌ಟಿ ದಾಖಲೆ) ಸಬ್ಮಿಟ್ ಮಾಡೋ ಮೊದ್ಲು ಸ್ಕ್ರೀನ್ ಮೇಲೆ ಬೆರಳಿಟ್ಟು ಪಾರ್ಟಿಯ, ಅಂದ್ರೆ ಮಾಲು ಕೊಳ್ಳುವವರ, ಜಿಎಸ್‌ಟಿ ನಂಬರ್ ಮೆಲ್ಲ ಓದ್ತಿದ್ರು, ಪ್ರತಿ ಸಲ. ಯಾಕೆ ಅಂತ ಕೇಳಿದ್ಮೇಲೆ ಗೊತ್ತಾಯ್ತು, ಗಾಡಿ ನಂಬರಾದ್ರೆ ಬಿಲ್ಲಿನ ಪಾರ್ಟ್ ಬಿಯಲ್ಲಿ (ಗಾಡಿ ವಿವರದ ಭಾಗ) ಆಮೇಲೂ ಅಪ್‌ಡೇಟ್ ಮಾಡ್ಬಹುದು, ಪಾರ್ಟಿ ನಂಬರ್ ತಪ್ಪಿದ್ರೆ ತಿದ್ಲಿಕ್ಕೆ ಆಗೋದಿಲ್ಲ, 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಿ ಹೊಸತೇ ಮಾಡ್ಬೇಕು, ಅಷ್ಟೊತ್ತು ಲೋಡಾದ ಲಾರಿ ನಿಂತೇ ಇರ್ತದೆ.

ಕೇಳ್ಲಿಕ್ಕೂ ಹೊತ್ತು ಉಂಟು. ಲೋಡಿಂಗ್ ನಡೀತಿರುವಾಗ ಬೇಡ, ಚೀಟಿಯಲ್ಲಿ ಬರ್ದಿಟ್ಟು ಚಾದ ಹೊತ್ತಿಗೆ ಕೇಳಿ. "ಇದು ಹೇಗೆ ಮಾಡೋದು" ಅಂದ್ರೆ ಎರಡು ಮಾತಲ್ಲಿ ಮುಗೀತದೆ, "ಅಕ್ಕ, ಇದ್ರಲ್ಲಿ ಯಾವಾಗಾದ್ರೂ ಎಡವಟ್ಟಾಗಿತ್ತಾ" ಅಂತ ಕೇಳಿ ನೋಡಿ, ಗೋಳಿಬಜೆ ಮುಗಿಯೋದ್ರೊಳಗೆ ಪೂರ್ತಿ ಕಥೆ ಬರ್ತದೆ. 1980ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಝೆರಾಕ್ಸ್ ಕಂಪನಿಯ ಮೆಷಿನ್ ರಿಪೇರಿಯವರ ಜೊತೆ ತಿರುಗಾಡಿ ಕಂಡದ್ದೂ ಇದನ್ನೇ, ಮ್ಯಾನ್ಯುವಲ್ ಕೈಕೊಟ್ಟಲ್ಲಿ ಅವ್ರಿಗೆ ದಾರಿ ತೋರಿಸ್ತಿದ್ದದ್ದು ಊಟದ ಹೊತ್ತಲ್ಲಿ ಒಬ್ರಿಗೊಬ್ರು ಹೇಳ್ಕೊಂಡ ಕಥೆಗಳು.

ಇಲ್ಲಿ ಇನ್ನೊಂದು ವಿಷಯ, ಈ ಮಾತೆಲ್ಲ ಆಗೋದು ತುಳುವಲ್ಲೋ ಬ್ಯಾರಿಯಲ್ಲೋ. ಘಟ್ಟದ ಮೇಲಿಂದ ಬಂದವ್ರು ಅರ್ಥ ಆಗ್ಲಿಲ್ಲ ಅಂತ ಮೊಬೈಲ್ ಹಿಡ್ಕೊಂಡು ಆಚೆ ಕೂತ್ರೆ ಆ ದಿನದ ಪಾಠವೇ ಹೋಯ್ತು. ಎಂತ ಹೇಳಿದ್ದು ಅಂತ ಕೇಳಿ ಮಾರಾಯ್ರೆ, ಸಂಕೋಚ ಬೇಡ. ಹಳಬರೂ ಅಷ್ಟೆ, ಹೊಸಬರು ಎದುರಿಗಿದ್ರೆ ಸ್ವಲ್ಪ ಕನ್ನಡದಲ್ಲಿ ಹೇಳಿ ಆಯ್ತಾ.

ಆದ್ರೆ ಕಿವಿಗೆ ಬಿದ್ದದ್ದೆಲ್ಲ ಸರಿ ಇರುದಿಲ್ಲ. ಇ-ವೇ ಬಿಲ್ಲಿನ ವ್ಯಾಲಿಡಿಟಿ 100 ಕಿ.ಮೀ.ಗೆ ಒಂದು ದಿನ ಅಂತ ನಂಗೆ ಹೇಳಿಕೊಟ್ಟಿದ್ರು, 2021ರಿಂದಲೇ ಅದು 200 ಆಗಿತ್ತು. ಅವ್ರದ್ದು ತಪ್ಪಲ್ಲ, ಅವ್ರು ಕಲ್ತಾಗ ಹಾಗೇ ಇತ್ತು. ದಿನ, ದುಡ್ಡು, ಪರ್ಸೆಂಟ್ ಇರುವ ವಿಷಯ ಮಾತ್ರ ಸರ್ಕಾರದ ಪೋರ್ಟಲಲ್ಲಿ ಒಮ್ಮೆ ನೋಡಿ.

ಸಂಜೆ ಹೊರಡೋ ಮುಂಚೆ ಆ ದಿನ ಕೇಳಿದ್ದನ್ನು ಸಣ್ಣ ಪುಸ್ತಕದಲ್ಲಿ ಎರಡು ಸಾಲು ಬರ್ದಿಡಿ, ಯಾರು ಹೇಳಿದ್ದು ಅಂತ್ಲೂ ಬರೀರಿ. ಆರು ತಿಂಗಳು ಬಿಟ್ಟು ಅದೇ ತೊಂದ್ರೆ ಬಂದಾಗ ಯಾರ ಟೇಬಲಿಗೆ ಹೋಗ್ಬೇಕು ಅಂತ ಗೊತ್ತಿರ್ತದೆ.