ಶಾಂಘೈನಲ್ಲಿ ರಾತ್ರಿ ಊಟ ಆದ ಮೇಲೆ ಏನು ಮಾಡಬೇಕು

ಶಾಂಘೈಗೆ ಪ್ಯಾಕೇಜ್ ಟೂರ್ ಬುಕ್ ಮಾಡಿದ್ದೀರಾ? ಹಾಗಾದರೆ ಮೊದಲು ಟೂರಿನವರು ಕೊಟ್ಟ ಕಾರ್ಯಕ್ರಮದ ಹಾಳೆ ತೆಗೆದು ಪ್ರತಿ ದಿನದ ಕೊನೆಯ ಸಾಲು ಓದಿ. ‘ಭಾರತೀಯ ಊಟ, ನಂತರ ಹೋಟೆಲಿನಲ್ಲಿ ವಿಶ್ರಾಂತಿ’ ಅಂತ ಇರುತ್ತದೆ. ನಮ್ಮದರಲ್ಲೂ ಹಾಗೇ ಇತ್ತು. ಆರೂವರೆಗೆ ಪನೀರು, ದಾಲು, ಜೀರಾ ರೈಸು. ಏಳೂವರೆಗೆಲ್ಲ ರೂಮು. ಇಪ್ಪತ್ತಾರು ಜನರ ಗುಂಪಿನಲ್ಲಿ ಮುಕ್ಕಾಲು ಪಾಲು ಜನ ಮಲಗಿಯೇಬಿಟ್ಟರು.

ಲೆಕ್ಕ ಹಾಕಿ ನೋಡಿ. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ ಏಳೂವರೆ ಅಂದರೆ ಮೈಸೂರಿನಲ್ಲಿ ಸಂಜೆ ಐದು. ಐದು ಗಂಟೆಗೆ ಯಾರಾದರೂ ಮಲಗುತ್ತಾರಾ? ಹಗಲೆಲ್ಲ ಗೈಡಿನ ಬಾವುಟದ ಹಿಂದೆ ನಡೆದದ್ದಾಯಿತು. ಊಟದ ಮೇಲಿನ ಮೂರು ಗಂಟೆ ನಮ್ಮದು. ನಾನು ಬ್ಯಾಂಕಿನಿಂದ ನಿವೃತ್ತಳಾದವಳು, ಕುಡಿಯುವವಳಲ್ಲ. ನಮ್ಮನೆಯವರಿಗೆ ಮಂಡಿ ನೋವು. ನಾವೇ ನಾಲ್ಕು ರಾತ್ರಿ ಸುತ್ತಿದ್ದೇವೆ, ನಿಮಗೆ ಆಗದೇ ಇರುತ್ತದಾ?

ಸಿದ್ಧತೆ ಮಾತ್ರ ಇಲ್ಲಿಂದಲೇ ಆಗಬೇಕು. ಶಾಂಘೈನಲ್ಲಿ ಎಳನೀರಿನಂಥ ಸಣ್ಣ ವ್ಯಾಪಾರಕ್ಕೂ ಫೋನಿನಲ್ಲೇ ದುಡ್ಡು. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಅಲಿಪೇ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬ್ಯಾಂಕ್ ಆ್ಯಪಿನಲ್ಲಿ ಆ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡುವುದನ್ನು ಮರೆಯಬೇಡಿ. ಬ್ಯಾಂಕಿನಲ್ಲಿ ಕೂತು ನೂರಾರು ಜನಕ್ಕೆ ಇದನ್ನೇ ಹೇಳಿದ ನಾನು ನನ್ನದನ್ನೇ ಮರೆತಿದ್ದೆ! ಒಂದು ಸಲಕ್ಕೆ 200 ಯುವಾನ್ ಒಳಗಿದ್ದರೆ ಅಲಿಪೇ ಶುಲ್ಕ ಹಿಡಿಯುವುದಿಲ್ಲ. ಸ್ವಲ್ಪ ನೋಟೂ ಇಟ್ಟುಕೊಳ್ಳಿ. ಒಂದು ಯುವಾನ್ ಅಂದರೆ ನಾವು ಹೋದಾಗ ಸುಮಾರು 12 ರೂಪಾಯಿ.

ಗೂಗಲ್, ವಾಟ್ಸಾಪ್ ಎರಡೂ ಅಲ್ಲಿ ಬಂದ್. ಹೋಟೆಲಿನ ವೈಫೈಯಲ್ಲಿ ಏನೂ ತೆರೆಯಲಿಲ್ಲ. ಆದರೆ ನಮ್ಮ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಿಸಿದ್ದರಿಂದ ವಾಟ್ಸಾಪ್ ನಡೆಯಿತು, ದಿನಾ ಮೊಮ್ಮಗಳ ಮುಖ ನೋಡಿದೆವು. ಇನ್ನೊಂದು ಕೆಲಸ. ಹೋಟೆಲಿನ ಕೌಂಟರಿನಲ್ಲಿ ಚೀನೀ ಅಕ್ಷರದ ವಿಳಾಸವಿರುವ ಕಾರ್ಡು ಕೇಳಿ ತೆಗೆದುಕೊಳ್ಳಿ. ದಾರಿ ತಪ್ಪಿದರೆ ಟ್ಯಾಕ್ಸಿಯವನ ಕೈಗೆ ಅದನ್ನು ಕೊಟ್ಟರೆ ಸಾಕು, ಮಾತೇ ಬೇಡ.

ಮೊದಲ ರಾತ್ರಿ ನದಿಗೆ ಹೋಗಿ. ಹ್ವಾಂಗ್‌ಪು ನದಿಯ ಪಶ್ಚಿಮ ದಂಡೆಗೆ ‘ಬಂಡ್’ ಅಂತ ಹೆಸರು. ನಾವು ‘ಕೆರೆ ಬಂಡ್’ ಅಂತೀವಲ್ಲ, ಅದೇ ಪದ! ಬ್ರಿಟಿಷರು ಇಂಡಿಯಾದಿಂದ ಹೊತ್ತುಕೊಂಡು ಹೋದದ್ದು. ಅಲ್ಲಿನವರು ಕರೆಯುವುದು ವೈತಾನ್ ಅಂತ. ಈ ದಂಡೆಯಲ್ಲಿ ಹಳೇ ಬ್ಯಾಂಕು, ಹಡಗು ಕಂಪನಿಗಳ ಕಲ್ಲಿನ ಕಟ್ಟಡಗಳು. ಎದುರು ದಂಡೆ ಪುಡೋಂಗ್. ಅಲ್ಲಿ 632 ಮೀಟರ್ ಎತ್ತರದ ಶಾಂಘೈ ಟವರ್, ಪಕ್ಕದಲ್ಲಿ ಬಾಟಲಿ ಓಪನರ್‌ನಂಥ ಕಟ್ಟಡ, ಗುಂಡು ಪೋಣಿಸಿದಂಥ ಓರಿಯೆಂಟಲ್ ಪರ್ಲ್ ಗೋಪುರ.

ಗೈಡು ‘ನದಿಯಲ್ಲಿ ಕ್ರೂಸ್, ಬೇಕಾದವರು ಎಕ್ಸ್‌ಟ್ರಾ ಕೊಡಿ’ ಅಂತಾನೆ. ಹೋಗುವವರು ಹೋಗಲಿ. ನೀವು ಹೀಗೆ ಮಾಡಿ. ಮೆಟ್ರೋ ಎರಡನೇ ಲೈನಿನಲ್ಲಿ ಈಸ್ಟ್ ನಾನ್‌ಜಿಂಗ್ ರೋಡ್ ಸ್ಟೇಷನ್ನಿಗೆ ಬನ್ನಿ. ಅಲ್ಲಿಂದ ಪೂರ್ವಕ್ಕೆ ನಡೆದರೆ ಬಂಡ್. ಅರ್ಧ ಗಂಟೆ ನೋಡಿ, ವಾಪಸ್ ಅದೇ ಸ್ಟೇಷನ್ನಿಗೆ ಬಂದು, ಒಂದೇ ಸ್ಟಾಪ್ ಮುಂದೆ, ಪುಡೋಂಗ್ ದಂಡೆಯ ಲುಜಿಯಾಝುಯಿಯಲ್ಲಿ ಇಳಿಯಿರಿ. 3 ಯುವಾನ್. ಸ್ಟೇಷನ್ ಒಳಗೆ ಹೋಗುವಾಗ ಬ್ಯಾಗು ಸ್ಕ್ಯಾನ್ ಮಾಡುತ್ತಾರೆ, ಗಾಬರಿ ಬೇಡ. ಆ ಕಡೆ ನದಿಯ ಪಕ್ಕದಲ್ಲೇ ನಡೆಯುವ ದಾರಿ ಇದೆ, ಬಂಡ್‌ನಷ್ಟು ನೂಕುನುಗ್ಗಲು ಇಲ್ಲ. ಹಳೇ ಕಟ್ಟಡಗಳ ಹೊಂಬಣ್ಣದ ಸಾಲು ಪೂರ್ತಿ ಕಾಣುವುದು ಇಲ್ಲಿಂದಲೇ. ಹಾಗೇ ದಕ್ಷಿಣಕ್ಕೆ ನಡೆದರೆ ದೊಂಗ್‌ಚಾಂಗ್ ರಸ್ತೆಯ ಫೆರ್ರಿ ಕಟ್ಟೆ ಸಿಗುತ್ತದೆ. ಕೆಲಸ ಮುಗಿಸಿದವರು ಸ್ಕೂಟರ್ ಸಮೇತ ನದಿ ದಾಟುವ ಮಾಮೂಲಿ ದೋಣಿ ಅದು. ಚಾರ್ಜು 2 ಯುವಾನ್! ಕ್ರೂಸಿಗೆ ಹೋದವರೂ ಅದೇ ನೀರು, ಅದೇ ದೀಪ ನೋಡಿದ್ದು. ಹೊತ್ತು ಅವರಿಗೆ ಜಾಸ್ತಿ ಸಿಕ್ಕಿತು ಅನ್ನುವುದನ್ನು ಒಪ್ಪುತ್ತೇನೆ.

ಟೈಮಿನ ಮೇಲೆ ಕಣ್ಣಿರಲಿ. ಹತ್ತು ಗಂಟೆ ಹೊತ್ತಿಗೆ ದೀಪ ಆರಿಸುತ್ತಾರೆ. ಅಷ್ಟು ಹೊತ್ತು ಮಿರಮಿರ ಅನ್ನುತ್ತಿದ್ದದ್ದು ತಟ್ಟನೆ ಕಪ್ಪಾಗುತ್ತದೆ. ಅದಾದ ಮೇಲೆ ಮೆಟ್ರೋ ಕೂಡ ಹೆಚ್ಚು ಹೊತ್ತು ಇರುವುದಿಲ್ಲ. ತಪ್ಪಿತೋ, ಅಲಿಪೇ ಒಳಗೇ ಇರುವ ‘ದೀದಿ’ ಅನ್ನುವ ಟ್ಯಾಕ್ಸಿ ಸೇವೆಯಲ್ಲಿ ಕಾರು ಕರೆಯಿರಿ. ಅಕ್ಟೋಬರ್ 1ರಿಂದ ಶುರುವಾಗುವ ರಾಷ್ಟ್ರೀಯ ರಜೆಯ ವಾರ, ಹೊಸ ವರ್ಷದ ಹಿಂದಿನ ರಾತ್ರಿ, ಈ ದಿನಗಳಲ್ಲಿ ಬಂಡ್ ಕಡೆ ತಲೆ ಹಾಕಬೇಡಿ. 2014ರ ಡಿಸೆಂಬರ್ 31ರ ರಾತ್ರಿ ಅಲ್ಲಿನ ಕಾಲ್ತುಳಿತದಲ್ಲಿ 36 ಜನ ಸತ್ತಿದ್ದಾರೆ.

ಎರಡನೇ ರಾತ್ರಿಗೆ ಪೀಸ್ ಹೋಟೆಲ್. ಬಂಡ್ ಮೇಲೆ ಹಸಿರು ಗೋಪುರದ ಕಟ್ಟಡ, 1929ರದ್ದು. ಕಟ್ಟಿಸಿದ ವಿಕ್ಟರ್ ಸಸೂನ್ ಮನೆತನ ಬಾಗ್ದಾದಿನಿಂದ ಮುಂಬೈಗೆ ಬಂದದ್ದು. ಮುಂಬೈಯ ಸಸೂನ್ ಡಾಕ್ ಕೂಡ ಅದೇ ಮನೆತನದ ಹೆಸರು. ನಮ್ಮ ದೇಶದ ಅಫೀಮನ್ನು ಚೀನಾಕ್ಕೆ ಮಾರಿ ಗಳಿಸಿದ ಮನೆತನ ಅಂತ ಗೊತ್ತಿದ್ದರೆ ಅಲ್ಲಿನ ಅಮೃತಶಿಲೆ ಬೇರೆ ಥರ ಕಾಣುತ್ತದೆ. ಕೆಳಗಿನ ಬಾರಿನಲ್ಲಿ ವಯಸ್ಸಾದ ವಾದ್ಯಗಾರರು ಜಾಝ್ ನುಡಿಸುತ್ತಾರೆ. ನಮ್ಮನೆಯವರು ‘ಬಾರ್’ ಅಂದ ಕೂಡಲೇ ಬಾಗಿಲಲ್ಲೇ ನಿಂತರು. ಒಳಗೆ ನೋಡಿದರೆ ನುಡಿಸುವವರು ಇವರಿಗಿಂತ ಹಿರಿಯರು! ನಾವು ಒಂದೊಂದು ಹಣ್ಣಿನ ರಸ ಹಿಡಿದು ಒಂದು ಗಂಟೆ ಕೂತೆವು. ಬೆಲೆ ಹೊಟ್ಟೆ ಉರಿಸುವಂಥದ್ದೇ, ಕೂರುವ ಮೊದಲೇ ಕೇಳಿಕೊಳ್ಳಿ.

ದುಡ್ಡು ಬಿಚ್ಚದೇ ಖುಷಿಪಡಬೇಕಾ? ನಾನ್‌ಜಿಂಗ್ ರಸ್ತೆಯಲ್ಲಿ ವಾಹನ ಬಿಡದ ಭಾಗದಲ್ಲಿ ಅಡ್ಡಾಡಿ. ಸಂಜೆಯಾದರೆ ಹೆಂಗಸರು ಸ್ಪೀಕರ್ ಇಟ್ಟುಕೊಂಡು ಸಾಲಾಗಿ ಕುಣಿಯುತ್ತಾರೆ. ಅರವತ್ತು ದಾಟಿದವರೇ ಜಾಸ್ತಿ. ನಮ್ಮ ಗುಂಪಿನ ದಾವಣಗೆರೆಯ ಅಕ್ಕ ಸುಮ್ನೆ ನೋಡ್ತೀನಿ ಅಂತ ಬಂದವರು ಕೊನೇ ಸಾಲಿನಲ್ಲಿ ನಿಂತು ಕೈ ಬೀಸತೊಡಗಿದರು. ಯಾರೂ ಬೇಡ ಅನ್ನಲಿಲ್ಲ. ಮುಂದಿನ ಸಾಲಿನವರೊಬ್ಬರು ಹಿಂದೆ ತಿರುಗಿ ಹೆಜ್ಜೆ ತೋರಿಸಿಕೊಟ್ಟರು.

ಇದೇ ರಸ್ತೆಯಲ್ಲಿ ಒಂದು ಎಚ್ಚರಿಕೆಯೂ ಬೇಕು. ಮುದ್ದಾಗಿರುವ ಹುಡುಗ ಹುಡುಗಿಯರು ಬಂದು ‘ಫೋಟೋ ತೆಗೆದುಕೊಡ್ತೀರಾ, ಇಂಗ್ಲಿಷ್ ಅಭ್ಯಾಸ ಮಾಡಬೇಕು’ ಅಂತ ಶುರು ಮಾಡಿ ಟೀ ಕುಡಿಯೋಣ ಅನ್ನುತ್ತಾರೆ. ಹೋಗಬೇಡಿ. ನಾಲ್ಕು ಪುಟ್ಟ ಬಟ್ಟಲು ಟೀಗೆ ಸಾವಿರಾರು ಯುವಾನ್ ಬಿಲ್ಲು ಬರುತ್ತದೆ. ಮಸಾಜ್ ಕಾರ್ಡು ತೋರಿಸುವವರದ್ದೂ ಅದೇ ಕಥೆ. ನಮಗೆ ಮಾತ್ರ ಟೋಪಿ ಬಿದ್ದದ್ದು ಹಾಡಹಗಲಲ್ಲಿ, ಟೂರಿನ ಬಸ್ಸಿನಲ್ಲೇ ಹೋದ ಒಂದು ಜಾಗದಲ್ಲಿ. ಬಿಸಿನೀರಿನಲ್ಲಿ ಕಾಲು ಇಡಿಸಿ, ಬಿಳಿ ಕೋಟಿನವನೊಬ್ಬ ನಮ್ಮನೆಯವರ ನಾಡಿ ಹಿಡಿದು ‘ಲಿವರ್ ವೀಕು’ ಅಂದ. ಅವನು ಮಾರಿದ ಔಷಧಿಯ ಪೊಟ್ಟಣಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ರೇಷ್ಮೆ, ಮುತ್ತು, ಜೇಡ್ ಅಂತ ಇಂಥ ನಿಲುಗಡೆ ಎಷ್ಟಿವೆ ಅಂತ ಹಣ ಕಟ್ಟುವ ಮೊದಲೇ ಕೇಳಿ.

ಊಟದ ವಿಷಯ. ‘ವೋ ಛಿ ಸೂ’ ಅಂದರೆ ನಾನು ಸಸ್ಯಾಹಾರಿ. ಬೈದ ಹಾಗೆ ಕೇಳಿಸಿದರೂ ಧೈರ್ಯವಾಗಿ ಹೇಳಿ. ಆದರೆ ತರಕಾರಿಗೂ ಮಾಂಸದ ಸಾರು ಬೆರೆಸುವುದುಂಟು. ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಅಂತ ಗೈಡಿನ ಕೈಯಲ್ಲಿ ಚೀನೀ ಭಾಷೆಯಲ್ಲಿ ಬರೆಸಿಟ್ಟುಕೊಳ್ಳಿ. ಪನೀರು ಸಾಕಾದರೆ ವೆಸ್ಟ್ ನಾನ್‌ಜಿಂಗ್ ರಸ್ತೆಯಲ್ಲಿ 1922ರಲ್ಲಿ ಶುರುವಾದ ಗೊಂಗ್‌ದೆಲಿನ್ ಇದೆ, ಬೌದ್ಧರ ಸಸ್ಯಾಹಾರಿ ಹೋಟೆಲು. ತಟ್ಟೆಯಲ್ಲಿ ಬಾತುಕೋಳಿ ಕಂಡು ನಾನು ಎದ್ದೇಬಿಟ್ಟಿದ್ದೆ. ನೋಡಿದರೆ ಅದು ಸೋಯಾ ಹಾಲಿನ ಕೆನೆ! ಜೇಡ್ ಬುದ್ಧ ದೇವಾಲಯದಲ್ಲೂ ಸಸ್ಯಾಹಾರಿ ನೂಡಲ್ಸ್ ಸಿಗುತ್ತದೆ. ಕುಡಿಯುವ ಬಿಸಿನೀರು ಎಲ್ಲೆಡೆ ಕೇಳದೇ ಕೊಡುತ್ತಾರೆ, ಅಷ್ಟು ಸುಖ.

ಹಗಲಿನ ಜಾಗಗಳನ್ನು ಗೈಡು ತೋರಿಸಿಯೇ ತೋರಿಸುತ್ತಾನೆ. ಯುಯುವಾನ್ ತೋಟದ ಹೊರಗಿನ ಒಂಬತ್ತು ತಿರುವಿನ ಸೇತುವೆಗೆ ಮಾತ್ರ ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ. ತೋಟ ಮುಚ್ಚಿದ್ದರೂ ಅಂಗಡಿ ಸಾಲಿನ ಕೊಂಕು ಸೂರುಗಳಿಗೆಲ್ಲ ದೀಪ ಹಚ್ಚಿರುತ್ತಾರೆ. ದೆವ್ವಗಳಿಗೆ ತಿರುಗಿ ನಡೆಯಲು ಬರುವುದಿಲ್ಲವಂತೆ, ಅದಕ್ಕೇ ಸೇತುವೆ ಅಷ್ಟು ಸೊಟ್ಟ. ಶಾಂಘೈ ಟವರಿನ 118ನೇ ಮಹಡಿಗೆ ಟಿಕೆಟ್ ತೆಗೆಯುವ ಮೊದಲು ತಲೆ ಎತ್ತಿ ನೋಡಿ. ತುದಿ ಮೋಡದಲ್ಲಿ ಮುಚ್ಚಿದ್ದರೆ ಬೇಡ. ಶಿನ್‌ತಿಯೆಂದಿ ಬೀದಿಯಲ್ಲಿ 1921ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷದ ಮೊದಲ ಸಭೆ ಸೇರಿದ ಮನೆ ಇದೆ. ಅದರ ಪಕ್ಕದಲ್ಲೇ ದುಬಾರಿ ವೈನ್ ಬಾರುಗಳು. ಅದಕ್ಕೆ ನಾನೇನೂ ಹೇಳುವುದಿಲ್ಲ, ಸುಮ್ನೆ ನಡೆದು ನೋಡಿ.

ಹೊರಡುವಾಗ ಜೇಬಿನಲ್ಲಿ ಟಿಶ್ಯೂ ಇರಲಿ, ಪಬ್ಲಿಕ್ ಟಾಯ್ಲೆಟ್ಟಿನಲ್ಲಿ ಬೇಕಾಗುತ್ತದೆ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಎಲೆಕ್ಟ್ರಿಕ್ ಸ್ಕೂಟರುಗಳು ಸದ್ದೇ ಮಾಡದೆ ಬರುತ್ತವೆ. ಎಲ್ಲಿಗೆ ಹೋಗುತ್ತೀರಿ ಅಂತ ಗೈಡಿಗೆ ಒಂದು ಮೆಸೇಜ್ ಹಾಕಿ. ನಮ್ಮ ಗೈಡು ಮೊದಲ ರಾತ್ರಿ ‘ಹುಷಾರು ಆಂಟಿ’ ಅಂತ ಉತ್ತರ ಬರೆದ. ನಾಲ್ಕನೇ ರಾತ್ರಿ, ಡ್ಯೂಟಿ ಮುಗಿದಿದ್ದರೂ, ಅವನೇ ಫೆರ್ರಿ ಕಟ್ಟೆಗೆ ಬಂದ. ತಾನು ಊರಿಗೆ ಹೊಸಬನಾಗಿದ್ದಾಗ ದಿನಾ ಇದೇ ದೋಣಿಯಲ್ಲಿ ದಾಟುತ್ತಿದ್ದನಂತೆ. ನಮ್ಮ ಮೂವರ 6 ಯುವಾನ್ ಅವನೇ ಕೊಟ್ಟ.